ನಾಲ್ಕನೆಯ ಡಿಸ್ಕ್ ಬರುವವರೆಗೆ

ಮೆಷಿನ್ ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ ಎಂದು ನಂಬಿದವನು ನಾನು. ಪವಾಡದ ಮಾತು ಬಂದರೆ ನಕ್ಕು ಎದ್ದು ಹೋಗುತ್ತಿದ್ದೆ. ಈಗ ನಗಲು ಧೈರ್ಯ ಸಾಲದು.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ವೀರೇಶ ಮದುವೆ ಫೋಟೋಗಳನ್ನೆಲ್ಲ ಲಿನಕ್ಸ್‌ನಲ್ಲಿ ನಡೆಯುವ ಕಂಪ್ಯೂಟರ್ ಮೆಷಿನ್ ಒಂದರಲ್ಲಿ ಇಡುತ್ತಿದ್ದರು. ಒಳಗೆ ನಾಲ್ಕು ಡಿಸ್ಕ್. ಪ್ರತಿ ಫೋಟೋ ನಾಲ್ಕರಲ್ಲೂ ಹಂಚಿರುತ್ತಿತ್ತು, ನಾಲ್ಕೂ ಕೂಡಿದರೇ ಫೋಟೋ. ಒಂದು ಡಿಸ್ಕ್ ಹಳೆಯದು, ಏಳಲು ಸೋಮಾರಿ. ಅದಕ್ಕೆಂದೇ ಮೆಷಿನ್ ಪ್ರತಿ ಸಲ ಒಂದೂವರೆ ನಿಮಿಷ ಕಾದು ಶುರುವಾಗುತ್ತಿತ್ತು.

"ಕರೆಂಟ್ ಹೋಗಿ ಬಂದಾಗೆಲ್ಲ ಗಿರಾಕಿ ಮುಂದ ಸುಮ್ನ ಕುಂದರಬೇಕ್ರಿ," ಎಂದು ವೀರೇಶ ಗೊಣಗಿದರು.

ಅವರ ತಾಯಿ ಗೌರಮ್ಮ ಮಾತ್ರ ಒಂದೊಂದು ಡಿಸ್ಕ್ ಎದ್ದಂತೆ ಹತ್ತುವ ದೀಪಗಳನ್ನು ಎಣಿಸುತ್ತಿದ್ದರು. ಆ ಮನೆಯಲ್ಲಿ ಎಲ್ಲರೂ ಕೂರುವವರೆಗೆ ಅನ್ನ ಬಡಿಸುವುದಿಲ್ಲ. "ಇದೂ ಹಂಗ, ತಮ್ಮಾ. ಅವಸರ ಮಾಡಬ್ಯಾಡ," ಎಂದರು.

"ಇದು ಮೆಷಿನ್‌ರಿ ಅಮ್ಮ, ಊಟದ ಪಂಕ್ತಿ ಅಲ್ಲ," ಎಂದು ಎಲ್ಲರೆದುರು ನಕ್ಕೆ.

ಮೆಷಿನ್ನಿನ ಸೆಟ್ಟಿಂಗ್ ಫೈಲಿನಲ್ಲಿ ಕಾಯುವುದನ್ನು ಐದು ಸೆಕೆಂಡಿಗೆ ಇಳಿಸಿದೆ. ಅಷ್ಟರಲ್ಲಿ ಬಾರದ ಡಿಸ್ಕನ್ನು ಬಿಟ್ಟು ಶುರುವಾಗು ಎಂದೂ ಬರೆದೆ. ಮೂರು ಸಲ ರೀಸ್ಟಾರ್ಟ್ ಮಾಡಿದೆ, ಥಟ್ಟನೆ ಎದ್ದಿತು. ರೀಸ್ಟಾರ್ಟಿನಲ್ಲಿ ಡಿಸ್ಕ್‌ಗಳು ತಿರುಗುತ್ತಲೇ ಇರುತ್ತವೆ. ಕರೆಂಟ್ ತೆಗೆದು, ಡಿಸ್ಕ್‌ಗಳು ನಿಂತ ಮೇಲೆ ನೋಡಬೇಕಿತ್ತು. ನನಗೆ ಹೊಗಳಿಕೆಯ ಅವಸರ.

ಮುಂದಿನ ವಾರ ಪ್ರಿಂಟರ್ ನೋಡಲು ಬೆಳಿಗ್ಗೆ ಅಲ್ಲಿಗೆ ಹೋಗಿದ್ದಾಗ, ಆ ಬದಲಾವಣೆಯ ನಂತರ ಮೊದಲ ಸಲ ಕರೆಂಟ್ ಹೋಯಿತು. ಇಟ್ಟಿಗಿ ಊರಿನಿಂದ ಒಬ್ಬ ಹುಡುಗಿ ಮದುವೆ ಫೋಟೋಗಳಿಗಾಗಿ ಬಂದು ಕೂತಿದ್ದಳು. ಅವಳ ಮದುವೆಯಾದ ವಾರಕ್ಕೇ ತಂದೆ ತೀರಿಕೊಂಡಿದ್ದರು. ಅವರ ಕೊನೆಯ ಫೋಟೋಗಳು ಇದ್ದದ್ದು ಆ ಮೆಷಿನ್ನಿನಲ್ಲಿ ಮಾತ್ರ. ಕರೆಂಟ್ ಬಂತು. ಮೂರು ದೀಪ ಹತ್ತಿದವು. ಆಗ ನನ್ನ ತಪ್ಪು ಹೊಳೆಯಿತು. ಮೂರರಲ್ಲೇ ಎದ್ದು ಬರೆಯತೊಡಗಿದರೆ ಫೋಟೋಗಳೆಲ್ಲ ಕೆಡುತ್ತವೆ. ವೈರ್ ಕೀಳಬೇಕಿತ್ತು. ಮಾನ ಹೋಗುತ್ತದೆಂದು ಕೈ ಮುಂದೆ ಹೋಗಲಿಲ್ಲ.

ಗೌರಮ್ಮ ಮೆಷಿನ್ ಮೇಲೆ ಕೈಯಿಟ್ಟರು. "ತಡಿಯಪಾ, ಇನ್ನೊಬ್ಬಾಂವ ಬರಬೇಕು."

ಐದು ಸೆಕೆಂಡ್ ಕಳೆಯಿತು. ಮೂವತ್ತಾಯಿತು, ಒಂದು ನಿಮಿಷ ದಾಟಿತು. ಮೆಷಿನ್ ಕದಲಲಿಲ್ಲ. ನಾಲ್ಕನೆಯ ದೀಪ ಹತ್ತಿತು. ಆಮೇಲೆ ಶುರುವಾಯಿತು. ಪರದೆಯ ಮೇಲೆ ತಂದೆಯ ಮುಖ ಬಂದಾಗ ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೂಡಲೇ ಫೈಲ್ ತೆಗೆದು ನೋಡಿದೆ. ನಾನು ಬರೆದ ಐದು ಹಾಗೇ ಇತ್ತು.

"ಹಳೇ ಡಿಸ್ಕಿಗಂತ ನೀವ ಕಾಯೂ ಹಂಗ ಮಾಡಿಟ್ಟಿದ್ರೇನ್ರಿ?" ಎಂದು ವೀರೇಶ ಕೇಳಿದರು.

"ಹೌದ್ರಿ," ಎಂದೆ.

ಗೌರಮ್ಮ ನನ್ನನ್ನೇ ನೋಡಿದರು. ಯಾರೂ ನೋಡದಾಗ ಐದನ್ನು ತೊಂಬತ್ತು ಮಾಡಿ ಎದ್ದು ಬಂದೆ. ಮೆಷಿನ್ ಅವತ್ತು ಯಾಕೆ ಕಾಯಿತೆಂದು ಎಷ್ಟು ಓದಿದರೂ ತಿಳಿದಿಲ್ಲ. ಕೊಟ್ಟೂರಿನಿಂದ ಕೆಲಸಕ್ಕೆ ಕರೆ ಬಂದರೆ ಈಗಲೂ ನಾನು ಹೋಗದೆ, ಅಂಗಡಿಯಲ್ಲಿ ಜೊತೆಗಿರುವ ನನ್ನ ತಮ್ಮನನ್ನೇ ಕಳಿಸುತ್ತೇನೆ.