ಅತ್ತೆಯ ನಾಲ್ವರು ಯಜಮಾನರು

ಸವಣೂರಿನಿಂದ ಸೋದರತ್ತೆ ಗಂಗವ್ವ ಕಳಿಸಿದ ವೀಳ್ಯದೆಲೆಗೆ ಸುಣ್ಣ ಸವರುತ್ತ ಕುಳಿತಿದ್ದೇನೆ. ಸುಣ್ಣ ತುಸು ಹೆಚ್ಚಾಗಿ ನಾಲಿಗೆ ಸುಟ್ಟಿತು. ಕೂಡಲೇ ಮಾವನ ನೆನಪಾಯಿತು. ಯಾಕೆಂದು ಹೇಳುತ್ತೇನೆ, ನೀವೂ ಒಂದು ಎಲೆ ತೆಗೆದುಕೊಳ್ಳಿ.

ಅತ್ತೆ ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಒಮ್ಮೆ "ನಮ್ಮ ಮನಿಯವ್ರು", ಒಮ್ಮೆ "ಗೀತಾನ ಅಪ್ಪ", ಸಿಟ್ಟು ಬಂದರೆ "ಆ ಮನಷ್ಯಾ", ಸಿಟ್ಟಿಳಿದರೆ "ಇವ್ರು". ನಾನೋ, ಕಂಪ್ಯೂಟರಿಗೆ ನಮ್ಮ ಕಡೆಯ ಮಾತು ಕಲಿಸುತ್ತೇನೆಂದು ಧಾರವಾಡದಲ್ಲಿ ಸಂಶೋಧನೆಗೆ ಸೇರಿದವಳು. ಕೆಲವು ವರ್ಷಗಳ ಹಿಂದೆ ಅತ್ತೆಯ ಮಾತನ್ನು ಧ್ವನಿಮುದ್ರಿಸಿ, ವಾಕ್ಯ ವಾಕ್ಯವಾಗಿ ಬಿಡಿಸಿ ಅದಕ್ಕೆ ಉಣಿಸಿದೆ. ಆಕೆ ಎಷ್ಟು ಗಂಡಸರ ಬಗ್ಗೆ ಮಾತಾಡುತ್ತಿದ್ದಾಳೆ ಎಂದು ಕೇಳಿದರೆ, ನಾಲ್ವರು ಎಂದಿತು!

ಸುದ್ದಿ ಕೇಳಿದ ಮಾವ ಕಟ್ಟೆಯ ಮೇಲಿಂದಲೇ, "ಉಳಿದ ಮೂವರನ್ನ ಹೊಲಕ್ಕ ಕಳಸವಾ, ಶೇಂಗಾ ಕೀಳೂದೈತಿ" ಎಂದರು.

ನಗು ಹೆಚ್ಚು ದಿನ ಉಳಿಯಲಿಲ್ಲ. "ಈ ಹೆಣ್ಣಮಕ್ಕಳ ಮಾತು ಕೈಬಿಡ್ರಿ, ಪೇಪರಿನ ಕನ್ನಡ ಸಾಕು" ಎಂದರು ನನ್ನ ಮಾರ್ಗದರ್ಶಕರು. ಸಿಟ್ಟು ನೆತ್ತಿಗೇರಿತು. ಅವ್ವ, ಅತ್ತೆ, ಓಣಿಯ ಹೆಂಗಸರೆಲ್ಲ ಹೊರಗುಳಿದರೆ ಯಂತ್ರ ಕಲಿತದ್ದು ಯಾರ ಕನ್ನಡ? ಮಾಡಿ ತೋರಿಸುತ್ತೇನೆ ಎಂದುಬಿಟ್ಟೆ. ಹೇಗೆಂಬುದು ಮಾತ್ರ ಗೊತ್ತಿರಲಿಲ್ಲ.

ಗೀತಾ ಕೂಸಾಗಿದ್ದಾಗ ಅತ್ತೆ "ಇವ್ರು" ಎಂದೊಡನೆ ಮಾವನತ್ತ ಹೊರಳುತ್ತಿದ್ದಳು. ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ. ಇಡೀ ದಿನದ ಮಾತಿನ ನಡುವೆ ಬೆಳೆದಿದ್ದಳು, ಅಷ್ಟೆ. ನಾನು ಯಂತ್ರಕ್ಕೆ ಕೊಟ್ಟದ್ದು ಕತ್ತರಿಸಿದ ತುಂಡುಗಳನ್ನು. ಸರಿ, ಹಾನಗಲ್ಲಿನ ಆಡೂರು, ಶಿಗ್ಗಾವಿಯ ತಡಸ, ಹಿರೇಕೆರೂರಿನ ಅಬಲೂರು ಎಂದು ಬಸ್ಸು ಹತ್ತಿ ಇಳಿದು, ಎಲೆ ಅಡಿಕೆಯ ಮುಂದೆ ಕೂತ ಹೆಂಗಸರ ಹರಟೆಯನ್ನು ಅವರ ಒಪ್ಪಿಗೆ ಪಡೆದು ಇಡಿಯಾಗಿ ತಂದು ಯಂತ್ರಕ್ಕೆ ಉಣಿಸಿದೆ. ಸಂಶೋಧನೆಗಿಂತ ಎಲೆ ತಿಂದದ್ದೇ ಹೆಚ್ಚು ಎನ್ನಿ.

ಕಳೆದ ವಾರ ಪರೀಕ್ಷೆ. ಅತ್ತೆಯ ಹೊಸ ಹರಟೆಯನ್ನು ಹಾಕಿದೆವು. ಅದರಲ್ಲಿ ಮಾವನಿಗೆ ಹೊಸ ಬಿರುದೊಂದು ಸೇರಿತ್ತು: "ಸುಣ್ಣ ಹೆಚ್ಚಾತಂದ್ರ ಮಾರಿ ಕಿವಚಾವ್ರು." ಐದನೆಯ ಯಜಮಾನ ಹುಟ್ಟುತ್ತಾನೋ ಏನೋ! ಯಂತ್ರ ಐದನ್ನೂ ಕೂಡಿಸಿ, ಒಬ್ಬನೇ ಎಂದಿತು. ಮಾರ್ಗದರ್ಶಕರು ಎದ್ದು ನಿಂತು, "ಗೆದ್ರಿ ಬಿಡ್ರಿ, ಎಲ್ಲಾರ ಮಾತೂ ಇರ್ಲಿ" ಎಂದರು. ನಾನು ನಾಚಿಕೆ ಬಿಟ್ಟು ಕುಣಿದೆ.

ಫೋನಿನಲ್ಲಿ ಅತ್ತೆಗೆ ಹೇಳಿದಾಗ, "ಅಂತೂ ನನಗ ಗಂಡ ಒಬ್ಬನ ಅಂತ ನಿನ್ನ ಯಂತ್ರಕ್ಕ ಖಾತ್ರಿ ಆತೇನವಾ!" ಎಂದಳು. ಹಿಂದಿನಿಂದ ಮಾವನ ದನಿ: "ಹಂಗಾರ ಈ ವರ್ಷನೂ ಶೇಂಗಾ ನಾನ ಕೀಳಬೇಕು."

ಆ ಗೆಲುವಿಗೇ ಬಂದ ಎಲೆಗಳಿವು. ಇನ್ನೊಂದನ್ನು ತೆಗೆದುಕೊಂಡೆ. ಈ ಸಲ ಸುಣ್ಣವನ್ನು ಬೇಕೆಂದೇ ಹೆಚ್ಚು ಸವರಿ, ಮಾವನ ಹಾಗೆಯೇ ಮುಖ ಕಿವುಚಿದೆ.