ಹದಿನೇಳೆಂಟ್ಲ ನೂರ ಮೂವತ್ತಾರು

ಚಿಕ್ಕತಾಯಿ, ಐದನೇ ಕ್ಲಾಸಿನಲ್ಲಿ ನಾನು ನಿನ್ನ ಕೆನ್ನೆಗೆ ಹೊಡೆದದ್ದು ಮೇಷ್ಟ್ರ ಮಾತಿಗೆ ಹೆದರಿ ಎಂದು ನೀನು ಇವತ್ತಿಗೂ ನಂಬಿದ್ದೀಯೆ. ಅದು ಸುಳ್ಳು. ಹೊಡೆ ಎಂದವರು ಅವರು, ನಿಜ — ಕಿವಿ ಒಡೆಯುವ ಹಾಗೆ ಹೊಡೆದವಳು ನಾನು, ಬೇಕೆಂದೇ ಹೊಡೆದೆ. ಓದುವುದು ಮರೆತೇಹೋಗಿದೆ ಎನ್ನುತ್ತೀಯೆ, ಹಾಗಾಗಿ ಇದನ್ನು ನಾನೇ ನಿನ್ನೆದುರು ಕೂತು ಓದಬೇಕು. ಬರೆದುಕೊಳ್ಳದೆ ಬಂದರೆ ಮಾತು ತಿರುಗಿಸಿ, ಕಾಫಿ ಕುಡಿದು ಎದ್ದು ಬರುವವಳು ನಾನು.

ನಮ್ಮ ಶಾಲೆಯ ಪದ್ಧತಿ ನಿನಗೆ ನೆನಪಿರಲೇಬೇಕು. ಸರಿಯುತ್ತರ ಹೇಳಿದವರು ಉಳಿದವರ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ ಮೇಷ್ಟ್ರು ಎದ್ದು ಬಂದು, ಹೊಡೆಯುವುದು ಹೇಗೆಂದು ನಮ್ಮ ಕೆನ್ನೆಯ ಮೇಲೇ ತೋರಿಸುತ್ತಿದ್ದರು. ‘ಛಡಿ ಚಂಚಂ, ವಿದ್ಯೆ ಘಂಘಂ’ ಎಂದು ನಗುತ್ತಾ ಹುಣಸೆ ಬರಲಿನ ಛಡಿ ಬೀಸುತ್ತಿದ್ದರು. ಉಚ್ಚೆ ಹೊಯ್ದುಕೊಂಡವರಿಗೆ ಇನ್ನೂ ಎರಡು ಏಟು.

ಮನೆಗೆ ಹೋದರೆ ನಮ್ಮಪ್ಪ. ಆಲೆಮನೆಯಲ್ಲಿ ಬೆಲ್ಲ ಕಾಯಿಸಿ, ಮೈಯೆಲ್ಲ ಹೊಗೆ ಮಾಡಿಕೊಂಡು ಬಂದವನೇ ಕೇಳುತ್ತಿದ್ದ: “ಇವತ್ತು ಎಷ್ಟ್ ಜನಕ್ಕೆ ಬಾರಿಸ್ದೆ, ಮಗ?” ಹತ್ತು ಎಂದರೆ ಬಿಸಿ ಬೆಲ್ಲದ ಉಂಡೆ. ಯಾರಿಗೂ ಇಲ್ಲ ಎಂದರೆ — “ಅಂಗಾರೆ ನೀನೇ ತಿಂದ್ಕಂಡ್ ಬಂದಿದ್ದೀಯ ಅನ್ನು!” ಕೈಗೆ ಸಿಕ್ಕ ಕಬ್ಬಿನ ಜಲ್ಲೆ ನನ್ನ ಬೆನ್ನ ಮೇಲೆ ಸೀಳುವವರೆಗೂ ಬಿಡುತ್ತಿರಲಿಲ್ಲ. ಅವ್ವ ಬಾಸುಂಡೆಗೆ ಕೊಬ್ಬರಿ ಎಣ್ಣೆ ಸವರುತ್ತಾ, “ಓದ್ಕಳವ್ವ, ಓದೋರ್ಗೆ ಏಟಿಲ್ಲ” ಎನ್ನುತ್ತಿದ್ದಳು. ನಾನು ಓದಿದ್ದು ಹೀಗೆ. ಹೊಡೆಯುವವರ ಸಾಲಿನಲ್ಲಿ ನಿಲ್ಲಲು ಓದಿದೆ.

ನೀನು ಹಾಗಲ್ಲ. ನಮ್ಮೂರ ಹುಣಸೆಮರಗಳಿಗೆ ಕೊಕ್ಕರೆಗಳು ಬಂದು ಗೂಡು ಕಟ್ಟಿದರೆ, ನೀನು ಕತ್ತೆತ್ತಿಕೊಂಡು ನಿಲ್ಲುತ್ತಿದ್ದೆ. ಕೊಂಬೆಗೆ ಎಷ್ಟು ಗೂಡು, ಗೂಡಿಗೆ ಎರಡು ಮರಿಯಾದರೆ ಮರಕ್ಕೆಷ್ಟು — ಬಾಯಲ್ಲೇ ಗುಣಿಸಿ ಒಬ್ಬಳೇ ನಗುತ್ತಿದ್ದೆ. ಆದರೂ ಕ್ಲಾಸಿನಲ್ಲಿ ಒಂದು ದಿನವೂ ಕೈ ಎತ್ತಲಿಲ್ಲ. ಯಾಕೆಂದು ಕೇಳಿದ್ದಕ್ಕೆ, “ಯೋಳುದ್ರೆ ಎಲ್ರಿಗೂ ಒಡೀಬೇಕಲ್ಲ ಕಣೆ. ನನ್ ಕೈಲಿ ಆಗಾಕಿಲ್ಲ” ಎಂದಿದ್ದೆ. ಗೊತ್ತಿದ್ದೂ ದಿನಾ ಹೊಡೆಸಿಕೊಂಡೆ. ನಾನು ನಿನ್ನನ್ನು ಪೆದ್ದಿ ಎಂದುಕೊಂಡೆ.

ಅವತ್ತು ಮೇಷ್ಟ್ರು “ಹದಿನೇಳೆಂಟ್ಲ?” ಎಂದರು. ಯಾರೂ ಕೈ ಎತ್ತಲಿಲ್ಲ. ನನಗೂ ಬರಲಿಲ್ಲ. ಹಿಂದಿನ ಸಂಜೆಯ ಬಾಸುಂಡೆ ಇನ್ನೂ ಉರಿಯುತ್ತಿತ್ತು, ಅದನ್ನು ನೀನು ನೋಡಿದ್ದೆ. ಹಿಂದಿನಿಂದ ನಿನ್ನ ಪಿಸುಮಾತು ಬಂತು — ನೂರ ಮೂವತ್ತಾರು. ನಾನು ಎದ್ದು ನಿಂತು ಹೇಳಿಬಿಟ್ಟೆ. ಒಬ್ಬೊಬ್ಬರಿಗೂ ಬಾರಿಸುತ್ತಾ ನಿನ್ನ ಮುಂದೆ ಬಂದೆ. ನೀನು ನಕ್ಕೆ. ನಿನಗೆ ಮೆಲ್ಲಗೆ ಹೊಡೆಯುತ್ತೇನೆ ಎಂದುಕೊಂಡೆಯೋ ಏನೋ — ನನಗೆ ಮಾತ್ರ ಆ ನಗು, ‘ಉತ್ತರ ನಂದು’ ಎಂದ ಹಾಗಾಯಿತು. ಮೈಯೆಲ್ಲ ಉರಿದುಹೋಯಿತು. ಮೂಗು ಹಿಡಿದು, ಕೈ ಹಿಂದಕ್ಕೆಳೆದು, ಅಂಗೈ ಪೂರಾ ಕಿವಿಗೆ ಬೀಳುವ ಹಾಗೆ ಹೊಡೆದೆ. ನೀನು ಗೋಡೆಗೆ ಬಡಿದು ಬಿದ್ದೆ. “ಭೇಷ್!” ಎಂದರು ಮೇಷ್ಟ್ರು. ನನಗೆ ಖುಷಿಯಾಯಿತು, ಚಿಕ್ಕತಾಯಿ. ಅದನ್ನೂ ಹೇಳಬೇಕು.

ದಾರಿಯಲ್ಲಿ ನಿನ್ನ ಎಡಗಿವಿಯಿಂದ ರಕ್ತ ಇಳಿದು ಲಂಗದ ಮೇಲೆ ಬಿತ್ತು. ನಿಮ್ಮವ್ವ ಎದೆ ಬಡಿದುಕೊಂಡು ಓಡಿಬಂದಾಗ, “ಕಾಲುವೆ ಏರಿಯಿಂದ ಬಿದ್ಲು ಕಣತ್ತೆ” ಎಂದೆ. ನೀನು ನನ್ನ ಮುಖ ನೋಡಿ ಹೂಂ ಎಂದೆ. ಯಾಕೆ ಹೂಂ ಎಂದೆಯೋ — ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಆಮೇಲೆ ಕಿವಿ ಸೋರಿತು. ಕರೆದರೆ ತಿರುಗುವುದಿಲ್ಲ ಎಂದು ಮೇಷ್ಟ್ರು ತಲೆಗೂದಲು ಹಿಡಿದು ನಿನ್ನನ್ನು ಎಳೆದಾಡಿದರು. ಆ ಕಿವಿಗೇ ಇನ್ನೆಷ್ಟು ಏಟು ಬಿತ್ತೋ. ಅದು ಕೇಳಿಸುವುದಿಲ್ಲ ಎಂದು ನನಗೊಬ್ಬಳಿಗೆ ಗೊತ್ತಿತ್ತು, ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದೆ. ವರ್ಷ ಮುಗಿಯುವ ಮೊದಲೇ ನೀನು ಶಾಲೆ ಬಿಟ್ಟೆ. ಊರು, ತಲೆಗೆ ಹತ್ತಲಿಲ್ಲ ಎಂದಿತು. ನಾನು ಟೀಚರಾದೆ. ಮೊದಮೊದಲ ವರ್ಷಗಳಲ್ಲಿ ನಾನೂ ಮಕ್ಕಳಿಗೆ ಚೆನ್ನಾಗಿಯೇ ಬಾರಿಸಿದೆ. ಇವತ್ತಿಗೂ ಯಾರನ್ನೋ ಸೋಲಿಸುವುದಕ್ಕಲ್ಲದೆ ಒಂದು ಪುಸ್ತಕ ಬಿಡಿಸಿ ಕೂರಲು ನನಗೆ ಬರುವುದಿಲ್ಲ.

ವರ್ಗವಾಗಿ ಪೂರಿಗಾಲಿ ಶಾಲೆಗೆ ಬಂದಾಗ, ನಿನ್ನನ್ನು ಮದುವೆ ಮಾಡಿ ಕೊಟ್ಟ ಊರು ಇದೇ ಎಂಬುದನ್ನೂ ಮರೆತಿದ್ದೆ. ಹೋದ ವಾರ ನಾಲ್ಕನೇ ಕ್ಲಾಸಿನ ಮೊಮ್ಮಗಳ ಕೈ ಹಿಡಿದು ನೀನೇ ಬಂದೆ. ಬಲಗಿವಿ ಮುಂದೆ ಮಾಡಿ ನಿಂತು, “ನಮ್ ವಂಸ್ದಲ್ಲೇ ವಿದ್ಯೆ ಇಲ್ಲ ಕಣ್ ಭಾಗ್ಯ. ನಾನೇ ಎಮ್ಮೆ ತರ ಇದ್ನಲ್ಲ, ಇವ್ಳೂ ಅಂಗೇಯ. ನಾಕ್ ಏಟ್ ಬುಟ್ಟಾದ್ರೂ ಕಲ್ಸು” ಎಂದೆ. ಮಗು ತಲೆ ತಗ್ಗಿಸಿತು. ಅಜ್ಜಿಯ ಮಾತನ್ನು ಅದು ನಂಬಿದೆ, ಚಿಕ್ಕತಾಯಿ. ನೀನು ನಂಬಿದ ಹಾಗೆಯೇ. ನನ್ನ ಬಾಯಿಂದ ಬಂದದ್ದು “ಆಯ್ತು ಬುಡು” ಅಷ್ಟೇ.

ಭಾನುವಾರ ಬರುತ್ತೇನೆ. ಆ ಮಗು ಎದುರಿಗಿರಲಿ. ‘ನಿನ್ನ ಅಜ್ಜಿ ನಮ್ಮ ಕ್ಲಾಸಿಗೇ ಬುದ್ಧಿವಂತೆ, ಅವಳ ಓದು ಕಿತ್ತುಕೊಂಡವಳು ನಾನು’ ಎಂದು ಅದಕ್ಕೆ ಹೇಳಬೇಕು — ನಿನ್ನ ಮಗ, ಸೊಸೆ, ಬೀದಿಯವರು ಯಾರಿದ್ದರೂ ಸರಿ. ಕ್ಷಮಿಸು ಎಂದು ಕೇಳುವುದಿಲ್ಲ. ಇದನ್ನೆಲ್ಲ ಕೇಳಿಸಿಕೊಂಡ ಮೇಲೆ ಮಗು ನನ್ನ ಹತ್ತಿರ ಕಲಿಯುವುದಿಲ್ಲ ಎಂದರೆ, ಟಿ.ಸಿ. ನಾನೇ ಬರೆದುಕೊಡುತ್ತೇನೆ. ಅದರಲ್ಲಿ ‘ಶಾಲೆ ಬಿಡಲು ಕಾರಣ’ ಎಂದೊಂದು ಸಾಲಿದೆ. ಅಲ್ಲಿ ನನ್ನ ಹೆಸರು ಬರೆಯುತ್ತೇನೆ. ನಿನ್ನದರಲ್ಲಿ ಇರಬೇಕಾಗಿದ್ದದ್ದೂ ಅದೇ.