ನಾನು ರಜೆ ಹಾಕಿದ ದಿನದ ಪಾಠ

ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ನಂಬಲಾಗದ ಕಥೆ ತೆಗೆದರೆ, ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದವಳು ನಾನು. ಕೆಲಸವಂತೂ ಇದ್ದೇ ಇರುತ್ತಿತ್ತು. ಈಗ ನನ್ನದನ್ನೇ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದಿನ ಮಾತು. ಮಿರಜದ ಒಂದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ನನ್ನದು; ಮಕ್ಕಳಿಗೆ ನಾನು ‘ಅಕ್ಕೋರು’. ಪಾಠ ಮಾಡಿ ದಣಿದಿದ್ದರೆ ನನಗೆ ಬೇಸರವಾಗುತ್ತಿರಲಿಲ್ಲ. ಪಾಠಕ್ಕೇ ಪುರಸೊತ್ತು ಸಿಗುತ್ತಿರಲಿಲ್ಲ. ಮಕ್ಕಳು ಉಣ್ಣುವಾಗ ಫೋಟೊ ತೆಗೆದು ಆ್ಯಪಿಗೆ ಹಾಕಬೇಕು, ಮತದಾರರ ಪಟ್ಟಿಯ ಕೆಲಸಕ್ಕೆ ಮನೆ ಮನೆ ತಿರುಗಬೇಕು, ತರಬೇತಿಗೆಂದು ಸಾಂಗಲಿಗೆ ಓಡಬೇಕು. ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ಬರುವ ಪ್ರತಿ ಹುಕುಮೂ ‘ತಾಬಡತೋಬ’ ಎಂದೇ ಮುಗಿಯುತ್ತಿತ್ತು. ಎಲ್ಲವೂ ಆಗಿಂದಾಗಲೇ ಆಗಬೇಕು! ನಿದ್ದೆ ಹಾರಿಹೋಗಿತ್ತು. ಸುಮ್ಮಸುಮ್ಮನೆ ರೇಗುತ್ತಿದ್ದೆ. ಭಾಗಾಕಾರ ಹೇಳಿಕೊಟ್ಟು ಗಂಟಲು ಹರಿದರೂ ಹಿಂದಿನ ಬೆಂಚಿನವರ ತಲೆಗೆ ಹತ್ತಿರಲಿಲ್ಲ.

ಒಂದು ಮುಂಜಾನೆ ಸೀರೆ ಉಡುವಾಗ ಎಷ್ಟು ಸಲ ಹಿಡಿದರೂ ನೆರಿಗೆ ನಿಲ್ಲಲಿಲ್ಲ. ಆರಾಮಿಲ್ಲ, ರಜೆ ಬೇಕು ಎಂದು ಹೆಡ್ ಮಾಸ್ತರರಿಗೆ ಮೆಸೇಜ್ ಹಾಕಿ, ಫೋನ್ ಬಂದ್ ಮಾಡಿ, ಬುಧಗಾಂವದಲ್ಲಿದ್ದ ಅವ್ವನ ತಂಗಿ, ಮಾವಶಿಯ ಮನೆಗೆ ಬಸ್ಸು ಹತ್ತಿದೆ. ಮಾವಶಿ ನನ್ನ ಮುಖ ನೋಡಿದವಳೇ ತಾಟು ಹಾಕಿದಳು.

“ಮೊದಲ ಉಣ್ಣು, ಆಮ್ಯಾಲ ಮಲ್ಕೊ,” ಅಂದಳು.

ಹಾಗೇ ಮಾಡಿದೆ. ಸಂಜೆ ಅವಳು ಚಹಾ ತಂದು ಎಬ್ಬಿಸುವವರೆಗೆ ನಾನು ಮಗ್ಗುಲು ಸಹ ಬದಲಿಸಿರಲಿಲ್ಲವಂತೆ.

ಮರುದಿನ ರಜೆ ಅರ್ಜಿ ಕೊಟ್ಟರೆ ಹೆಡ್ ಮಾಸ್ತರರು ಹುಬ್ಬೇರಿಸಿದರು. “ಎದರ ರಜಾರಿ ಮ್ಯಾಡಮ್? ಮೆಸೇಜ್ ಹಾಕಿದ್ರಿ ಖರೆ, ತಾಸಿನ್ಯಾಗ ನೀವ ಸಾಲಿಗಿ ಬಂದ್ರಲ್ಲ. ನಿನ್ನಿ ನಿಮ್ಮ ಕ್ಲಾಸ್ ಎಷ್ಟ್ ಶಾಂತ ಇತ್ತು! ದಿನಾ ಹಿಂಗ ಇರ್ರಿ.”

“ಸರ್, ನಾ ನಿನ್ನಿ ಬುಧಗಾಂವದಾಗ ಇದ್ದೆರಿ.”

“ಚ್ಯಾಷ್ಟಿ ಸಾಕ್ರಿ,” ಎಂದು ನಕ್ಕು ಅರ್ಜಿಯನ್ನು ಹಿಂದಕ್ಕೆ ಕೊಟ್ಟರು.

ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ಹಲ್ಲು ಕಚ್ಚಿ ಪಡೆದ ಒಂದು ದಿನ, ಅದೂ ರಜೆಯಲ್ಲವಂತೆ! ದಡದಡ ತರಗತಿಗೆ ಹೋದೆ. ಬೆಂಚುಗಳ ಕೆಳಗೆ ಶೇಂಗಾ ಸಿಪ್ಪೆ ಬಿದ್ದಿತ್ತು. ಏನಿದು ಎಂದರೆ ಮಕ್ಕಳು ನಿನ್ನೆಯ ಪಾಠದ ಸುದ್ದಿ ಹೇಳಿದರು. ಶೇಂಗಾ ಹಂಚಿ ಹಂಚಿ ನಾನೇ ಭಾಗಾಕಾರ ಕಲಿಸಿದೆನಂತೆ. ಆಮೇಲೆ ಎಲ್ಲರೂ ಕೂತು ತಿಂದೆವಂತೆ. ಒಮ್ಮೆಯೂ ಬೈಯಲಿಲ್ಲವಂತೆ. ಮಕ್ಕಳೆಲ್ಲ ಸೇರಿ ಆಟ ಆಡಿಸುತ್ತಿದ್ದಾರೆ ಎಂದುಕೊಂಡು ಕರಿಹಲಗೆಯ ಮೇಲೆ ಲೆಕ್ಕ ಬರೆದೆ. ಹಿಂದಿನ ಬೆಂಚಿನವರೂ ಮಾಡಿ ತೋರಿಸಿದರು, ಶೇಷದ ಸಮೇತ.

ಆಗ ಮಾತ್ರ ಹೆದರಿಕೆಯಾಯಿತು. ಕುರ್ಚಿ ಹಿಡಿದು ಕುಳಿತೆ.

ಮಿರಜದಲ್ಲಿ ಡಾಕ್ಟರರಿಗೇನು ಕೊರತೆ? ಮನಸ್ಸಿನ ಡಾಕ್ಟರರೊಬ್ಬರಲ್ಲಿಗೆ ಹೋದೆ. ದಣಿವು ವಿಪರೀತವಾದರೆ ನೆನಪು ತಪ್ಪುವುದುಂಟು, ನೀವು ಶಾಲೆಗೆ ಹೋಗಿಯೇ ಇರಬೇಕು ಎಂದರು.

“ನಮ್ಮ ಮಾವಶಿಗೂ ನೆನಪ ತಪ್ಪಿತೇನ್ರಿ?” ಎಂದೆ. ಅವರು ಕನ್ನಡಕ ಒರೆಸಿಕೊಂಡರು. ಆದರೆ ಅವರು ಬರೆದುಕೊಟ್ಟ ದೊಡ್ಡ ರಜೆಯನ್ನು ಹೆಡ್ ಮಾಸ್ತರರಿಗೆ ಹಿಂದಿರುಗಿಸಲಾಗಲಿಲ್ಲ. ಗುಳಿಗೆ ನುಂಗಿದೆ. ಮೆಲ್ಲಗೆ ನಿದ್ದೆ ಮರಳಿತು.

ರಜೆ ಮುಗಿದು ಶಾಲೆಗೆ ಹೋದ ದಿನ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು ನಿಂತಳು. “ಅಕ್ಕೋರ, ಶೇಂಗಾ ಕೊಟ್ಟ ದಿನಾ ಮನಿಗಿ ಹೋಗೂ ಮುಂದ ನೀವು ನನ್ನ ಕಿವ್ಯಾಗ ಹೇಳಿದ್ರಿ, ‘ನಿಮ್ಮ ಅಕ್ಕೋರು ಭಾಳ ದಣದಾರ, ಅವರಿಗಿ ತ್ರಾಸ ಕೊಡಬ್ಯಾಡ್ರಿ’ ಅಂತ. ಯಾವ ಅಕ್ಕೋರಿಗ್ರಿ?”

“ಹೋಗು, ಕುಂದರು,” ಎಂದೆ. ಆ ದಿನ ಬಂದವರು ಯಾರೆಂದು ನನಗೇ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.